ಪ್ರತಿಕೃತಿಯ ಮೂಲಕ ತೈಲಭಾವಚಿತ್ರಾಭ್ಯಾಸ

ತೈಲವರ್ಣದಲ್ಲಿ ಮುಖವನ್ನು ಬರೆಯಲು ಕಲಿಯುವವನು ಹಿರಿಯರ ಕೃತಿಯೊಂದನ್ನು ಪ್ರತಿ ಮಾಡಬೇಕೆಂಬುದು ಯುರೋಪಿನ ಚಿತ್ರಶಾಲೆಗಳ ಹಳೆಯ ಪದ್ಧತಿ. ಫ್ರಾನ್ಸಿನ ರೊಮ್ಯಾಂಟಿಕ್ ಪಂಥದ ಅಗ್ರಣಿ ದೆಲಾಕ್ರ್ವಾ (೧೭೯೮-೧೮೬೩) ಲೂವ್ರ್ ಸಂಗ್ರಹಾಲಯದಲ್ಲಿ ರೂಬೆನ್ಸನನ್ನು ಪ್ರತಿ ಮಾಡಿ ಕಲಿತವನು. ನಮ್ಮ ರವಿವರ್ಮನಿಗೆ ಆ ಸೌಕರ್ಯವಿರಲಿಲ್ಲ. ೧೮೬೮ರಲ್ಲಿ ತಿರುವಾಂಕೂರಿಗೆ ಬಂದ ಥಿಯೋಡೋರ್ ಜೆನ್ಸನ್ ಚಿತ್ರ ಬರೆಯುತ್ತಿದ್ದಾಗ ನೋಡಿ, ಉಳಿದುದನ್ನು ತಾನೇ ಸಾಧಿಸಿದನು. ಮುಗಿದ ಚಿತ್ರಕ್ಕಿಂತ ಚಿತ್ರವಾಗುವ ಕ್ರಮವು ಅವನ ಕಣ್ಣಿಗೆ ಬಿದ್ದುದು ಅವನ ಭಾಗ್ಯವೆನ್ನಬೇಕು.

ಡೊಂಬಿವಲಿಯ ಎರಡು ಕೋಣೆಗಳ ಮನೆಯಲ್ಲಿ ಗುರುವಿಲ್ಲದೆ ಈ ವಿದ್ಯೆಗೆ ಕೈಹಾಕಿದ ನನಗೆ ದೊರೆತದ್ದು ದೆಲಾಕ್ರ್ವಾ ಸುಮಾರು ೧೮೨೪ರಲ್ಲಿ ಬರೆದ 'ಸ್ಮಶಾನದಲ್ಲಿ ಅನಾಥ ಬಾಲೆ'ಯ ಮುದ್ರಿತ ಪ್ರತಿಯೊಂದು. ಉದ್ದೇಶ ಸಣ್ಣದು. ತೀರಿಕೊಂಡ ತಂದೆಯವರದೆಂದು ಮನೆಯಲ್ಲಿ ಉಳಿದಿರುವುದು ಅಂಗೈಯಗಲದ ಒಂದು ಕಪ್ಪುಬಿಳುಪು ಫೋಟೋ. ಅದನ್ನು ಆಧರಿಸಿ ಅವರ ತೈಲಚಿತ್ರವನ್ನು ಬರೆಯಬೇಕೆಂಬ ಆಸೆ.

ಮೊದಲ ಪ್ರತಿಯಲ್ಲಿ ಚೌಕಳಿ ಎಳೆದು ಗೆರೆಗೆ ಗೆರೆ ಹೊಂದಿಸಿದೆ, ಬಣ್ಣಕ್ಕೆ ಬಣ್ಣ ಕೂಡಿಸಿದೆ. ಮುಖ ಸತ್ತಿತ್ತು. ಚೆಕ್ಕಿನ ಸಹಿಯನ್ನು ಮಾದರಿ ಸಹಿಯೊಡನೆ ಹೋಲಿಸುವುದು ನನ್ನ ಹೊಟ್ಟೆಪಾಡು. ಕಳ್ಳಸಹಿಯಲ್ಲಿ ಅಕ್ಷರಗಳ ಆಕಾರ ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ. ಗೆರೆಯ ಓಟ ತಪ್ಪಿರುತ್ತದೆ, ಕೈ ಅಳುಕಿದ ಕಡೆ ಶಾಯಿ ದಪ್ಪವಾಗಿರುತ್ತದೆ. ನನ್ನ ಬಾಲೆ ಅಂಥ ಸಹಿಯಾಗಿದ್ದಳು.

ದೋಷವು ಕ್ರಮದಲ್ಲಿತ್ತು. ಮುದ್ರಿತ ಪ್ರತಿಯು ಮೇಲ್ಮೈಯನ್ನು ಮಾತ್ರ ತೋರಿಸುತ್ತದೆ, ಯಾವ ಪದರ ಮೊದಲು, ಯಾವುದು ಬಳಿಕ ಎಂಬುದನ್ನು ಬಚ್ಚಿಡುತ್ತದೆ. ಅದಕ್ಕಾಗಿ ಭಾನುವಾರಗಳಂದು ಲೋಕಲ್ ಗಾಡಿ ಹತ್ತಿ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯಕ್ಕೆ ಹೋಗಿ, ಟಾಟಾ ಸಹೋದರರ ಸಂಗ್ರಹದಿಂದ ಬಂದ ಯುರೋಪಿಯನ್ ತೈಲಚಿತ್ರಗಳನ್ನು ಓರೆಯಾಗಿ ನಿಂತು ನೋಡತೊಡಗಿದೆ. ಬೆಳಕು ಬಿದ್ದ ಹಣೆ, ಮೂಗುಗಳಲ್ಲಿ ಬಣ್ಣ ಉಬ್ಬಿ ನಿಂತಿರುವುದೂ ನೆರಳಿನಲ್ಲಿ ತೆಳುವಾಗಿ ಹರಿದಿರುವುದೂ ಆಗ ಕಂಡಿತು. (ಕಾವಲುಗಾರನಿಗೆ ನನ್ನ ಮೇಲೆ ಗುಮಾನಿ ಬಂದದ್ದು ಸಹಜ.)

ಎರಡನೆಯ ಪ್ರತಿಯಲ್ಲಿ ಮೊದಲು ಟರ್ಪಂಟೈನಿನಲ್ಲಿ ತೆಳುವಾಗಿಸಿದ ಅಂಬರ್ ಎಂಬ ಕಂದುಬಣ್ಣದಿಂದ ನೆರಳುಗಳನ್ನಷ್ಟೇ ಹಾಕಿದೆ. ಅದರಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತದೆ. ಮೇಲಿನ ಪದರಗಳಲ್ಲಿ ಅಗಸೆ ಎಣ್ಣೆ ಹೆಚ್ಚುತ್ತ ಹೋಗಬೇಕು; ಕೆಳಗೆ ಜಿಡ್ಡು, ಮೇಲೆ ತೆಳುವಾದರೆ ಕಾಲಕ್ರಮದಲ್ಲಿ ಬಿರುಕು ಬಿಡುತ್ತದೆ. ಅಗಸೆ ಎಣ್ಣೆ ನೀರಿನಂತೆ ಆರುವುದಿಲ್ಲ, ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ನಮ್ಮ ಮಳೆಗಾಲದಲ್ಲಿ ಇದಕ್ಕೆ ತಾಳ್ಮೆ ಬೇಕು.

ಅತ್ಯಂತ ಕಷ್ಟವಾದದ್ದು ಕಣ್ಣು. ಮೇಲಕ್ಕೆ ನೋಡುವ ಆ ಬಾಲೆಯ ಕಣ್ಣಿನ ಬಿಳಿಯು ಬಿಳಿಯಲ್ಲ, ಬೂದು. ಕಂಬನಿಯ ಹೊಳಪೊಂದೇ ಬಿಳಿ. ಬಿಳಿಯೆಂದು ತಿಳಿದು ಬಿಳಿಯನ್ನೇ ಹಚ್ಚಿದ್ದರಿಂದ ಮೊದಲ ಪ್ರತಿಯಲ್ಲಿ ಕಣ್ಣುಗುಡ್ಡೆ ಹೊರಗೆ ಬಂದಂತಿತ್ತು.

ಪ್ರತಿ ಮಾಡುವುದೆಂದರೆ ದಾಸ್ಯವೆನ್ನುವವರಿಗೆ ವ್ಯಾನ್ ಗೋ ಉತ್ತರ. ೧೮೮೯ರಲ್ಲಿ ಸೇಂಟ್ ರೆಮಿಯಲ್ಲಿದ್ದಾಗ ಅವನು ದೆಲಾಕ್ರ್ವಾನ 'ಪಿಯೆತಾ'ವನ್ನು ಪ್ರತಿ ಮಾಡಿದ್ದು ಬಣ್ಣವಿಲ್ಲದ ಕಲ್ಲಚ್ಚಿನ ಪ್ರತಿಯಿಂದ. ಆಕೃತಿ ಪರರದು, ವರ್ಣವೆಲ್ಲ ಅವನದು. ತಂದೆಯವರ ಫೋಟೋದ ಮುಂದೆ ಕುಳಿತ ನನ್ನ ಸ್ಥಿತಿಯೂ ಅದೇ: ಅವರ ಮೈಬಣ್ಣವನ್ನು ಹೇಳುವವರು ಈಗ ನಮ್ಮ ಅಜ್ಜಿಯ ಕಡೆಯ ಒಬ್ಬ ಮುದುಕಿ ಮಾತ್ರ. ಮಾಗಿದ ಅಡಕೆಯ ಬಣ್ಣವೆಂದು ಆಕೆ ಹೇಳುತ್ತಾರೆ, ತಾಯಿಯವರು ಗೋದಿಯ ಬಣ್ಣವೆನ್ನುತ್ತಿದ್ದರು. ಹಣೆಗೆ ಗೋದಿಯನ್ನೂ ಕೆನ್ನೆಯ ನೆರಳಿಗೆ ಅಡಕೆಯನ್ನೂ ಇಟ್ಟಿದ್ದೇನೆ. ಎಡಗಿವಿಯ ಬಳಿಯ ಪದರವಿನ್ನೂ ಬೆರಳಿಗೆ ಅಂಟುತ್ತಿದೆ.