ವೀರಬಲ್ಲಾಳ ಮತ್ತು ಬೆಂದ ಕಾಳು: ಅರಸರ ದಂತಕಥೆಗಳನ್ನು ಓದುವುದು ಹೇಗೆ?

ಕರಾವಳಿಯಿಂದ ಉದ್ಯೋಗಕ್ಕಾಗಿ, ವಿದ್ಯಾಭ್ಯಾಸಕ್ಕಾಗಿ ಬೆಂಗಳೂರಿಗೆ ಹೋಗಿ ನೆಲೆಸಿದವರು ನಮ್ಮ ಬಹುತೇಕ ಎಲ್ಲ ಧರ್ಮಕೇಂದ್ರಗಳ ಕುಟುಂಬಗಳಲ್ಲೂ ಇದ್ದಾರೆ. ಶಿವಾಜಿನಗರ, ಹಲಸೂರು, ಇಂದಿರಾನಗರ, ಕೆ.ಆರ್. ಪುರ ಮುಂತಾದ ಹೆಸರುಗಳು ಈಗ ನಮಗೆ ನೆರೆಯೂರಿನ ಹೆಸರುಗಳಷ್ಟೇ ಪರಿಚಿತ. ಆ ಮನೆಗಳ ಮಕ್ಕಳು ಶಾಲೆಯಲ್ಲಿ ಕಲಿತು ಬರುವ ಮೊದಲ ಕಥೆಗಳಲ್ಲೊಂದು ವೀರಬಲ್ಲಾಳ ಅರಸನದ್ದು. ರಜೆಗೆ ಊರಿಗೆ ಬಂದಾಗ ಅಜ್ಜಿಗೆ ಆ ಕಥೆ ಹೇಳಿ, ಕೊನೆಗೆ 'ಇದು ನಿಜವಾ?' ಎಂದು ಕೇಳುವ ಮಕ್ಕಳೂ ಇದ್ದಾರೆ. ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವುದು ದೊಡ್ಡವರ ಕರ್ತವ್ಯ. ಧರ್ಮಕೇಂದ್ರಗಳ ಇತಿಹಾಸ ಬರೆಯುವ, ಮಕ್ಕಳಿಗೆ ಪಾಠ ಹೇಳುವ ನಮ್ಮ ಕಾರ್ಯಕರ್ತರಿಗೂ ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಎದುರಾಗುತ್ತದೆ. ಆದುದರಿಂದ ಈ ಕಥೆಯನ್ನು ನಾವು ಸ್ವಲ್ಪ ವಿವರವಾಗಿ ನೋಡೋಣ.

ಕಥೆ ಹೇಳುವುದೇನು?

ಹೊಯ್ಸಳ ಅರಸ ವೀರಬಲ್ಲಾಳನು ಒಮ್ಮೆ ಬೇಟೆಗೆ ಹೋದನು. ಪರಿವಾರದಿಂದ ಬೇರೆಯಾಗಿ ಕಾಡಿನಲ್ಲಿ ದಾರಿ ತಪ್ಪಿದನು. ಕತ್ತಲಾಯಿತು, ಹಸಿವಿನಿಂದ ಬಳಲಿದನು. ದೂರದಲ್ಲಿ ಒಂದು ಗುಡಿಸಲು ಕಂಡಿತು. ಅಲ್ಲಿದ್ದ ಮುದುಕಿಯ ಬಳಿ ಅನ್ನವಿರಲಿಲ್ಲ, ರೊಟ್ಟಿಯಿರಲಿಲ್ಲ. ಇದ್ದದ್ದು ಬೇಯಿಸಿದ ಕಾಳು ಮಾತ್ರ. ಬಂದವನು ಯಾರೆಂದು ತಿಳಿಯದೆಯೇ ಆಕೆ ಅದನ್ನು ಅವನ ಮುಂದಿಟ್ಟಳು. ಅರಸನು ಉಂಡು ತೃಪ್ತನಾಗಿ, ಆ ಋಣದ ನೆನಪಿಗಾಗಿ ಆ ಜಾಗಕ್ಕೆ 'ಬೆಂದಕಾಳೂರು' ಎಂದು ಹೆಸರಿಟ್ಟನು. ಅದೇ ಮುಂದೆ ಬೆಂಗಳೂರು ಆಯಿತೆಂಬುದು ಪ್ರತೀತಿ.

ಕಥೆ ಹೇಳುವವರು ಹೆಚ್ಚಾಗಿ ಇಸವಿ ಹೇಳುವುದಿಲ್ಲ. ಹೊಯ್ಸಳ ವಂಶದಲ್ಲಿ ಬಲ್ಲಾಳ ಎಂಬ ಹೆಸರಿನ ಅರಸರು ಮೂವರು. ಕಥೆಯ ನಾಯಕ ಎರಡನೆಯ ಬಲ್ಲಾಳನೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಅವನು ದೋರಸಮುದ್ರದಿಂದ, ಅಂದರೆ ಇಂದಿನ ಹಳೇಬೀಡಿನಿಂದ, 1173ರಿಂದ 1220ರವರೆಗೆ ಆಳಿದನು.

ಬೇಗೂರಿನ ಕಲ್ಲು

ಕಂಟೋನ್ಮೆಂಟಿನಿಂದ ದಕ್ಷಿಣಕ್ಕೆ, ಹೊಸೂರು ರಸ್ತೆಯ ಪಕ್ಕದ ಬೇಗೂರಿನ ಹಳೆಯ ಶಿವಾಲಯದಲ್ಲಿ ಒಂದು ಶಾಸನವಿದೆ. ಗಂಗರ ಕಾಲದಲ್ಲಿ ಆ ಭಾಗದಲ್ಲಿ ಅಧಿಕಾರದಲ್ಲಿದ್ದ ನಾಗತ್ತರನ ಕಡೆಯವರು 'ಬೆಂಗಳೂರು ಕಾಳಗ'ದಲ್ಲಿ ಮಡಿದರೆಂದು ಹಳಗನ್ನಡದ ಕೆಲವೇ ಪದಗಳಲ್ಲಿ ಅದು ತಿಳಿಸುತ್ತದೆ. ಕಲ್ಲಿನಲ್ಲಿ ಇಸವಿ ಇಲ್ಲ. ಆದರೆ ಅಕ್ಷರಗಳ ರೂಪವನ್ನೂ ನಾಗತ್ತರನ ಕಾಲವನ್ನೂ ಪರಿಶೀಲಿಸಿ, ಅದು ಸುಮಾರು ಕ್ರಿ.ಶ. 890-900ರ ಕಾಲದ್ದೆಂದು ವಿದ್ವಾಂಸರು ನಿರ್ಧರಿಸಿದ್ದಾರೆ.

ಇದರ ಅರ್ಥ ಸ್ಪಷ್ಟ. ಎರಡನೆಯ ಬಲ್ಲಾಳನು ಪಟ್ಟಕ್ಕೆ ಬರುವ ಸುಮಾರು 280 ವರ್ಷಗಳ ಮೊದಲೇ ಬೆಂಗಳೂರು ಎಂಬ ಹೆಸರು ಬಳಕೆಯಲ್ಲಿತ್ತು. ಆದುದರಿಂದ ಆ ಹೆಸರನ್ನು ಅವನು ಇಟ್ಟಿರಲು ಸಾಧ್ಯವಿಲ್ಲ. ಹೆಸರಿನ ಮೂಲದ ಬಗ್ಗೆ ಬೇರೆ ಊಹೆಗಳೂ ಇವೆ. ಬೆಂಗೆ ಮರದಿಂದ ಬಂದಿರಬಹುದು ಎನ್ನುವವರಿದ್ದಾರೆ, 'ಬೆಂಗಾವಲು' ಎಂಬ ಪದದಿಂದ ಬಂದಿರಬಹುದು ಎನ್ನುವವರೂ ಇದ್ದಾರೆ. ಕಲ್ಲು ಹೆಸರನ್ನು ಹೇಳುತ್ತದೆಯೇ ಹೊರತು ಹೆಸರಿನ ಅರ್ಥವನ್ನು ಹೇಳುವುದಿಲ್ಲ.

ಹಾಗಾದರೆ ಬಲ್ಲಾಳನೇ ಯಾಕೆ?

ಊರಿನ ಹೆಸರಿಗೆ ಕಾರಣ ಹುಡುಕಿದ ಜನರು ಗಂಗರ ಅರಸನನ್ನೋ ಚೋಳರ ಅರಸನನ್ನೋ ಆರಿಸದೆ ಬಲ್ಲಾಳನನ್ನೇ ಆರಿಸಿದ್ದು ಗಮನಾರ್ಹ. ಇದಕ್ಕೆ ಒಂದು ಸುಳಿವು ಇಂದಿರಾನಗರದ ಪಕ್ಕದಲ್ಲೇ ಇದೆ. ಅಲ್ಲಿನ ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯದಲ್ಲಿ ಹೊಯ್ಸಳರ ಕಾಲದ ಶಾಸನಗಳಿವೆ. ಅವು ತಮಿಳಿನಲ್ಲಿವೆ. ಅವುಗಳಲ್ಲಿ ಊರಿನ ಹೆಸರು ತೊಂಬಲೂರು, ಮತ್ತೊಂದು ಹೆಸರು ದೇಶಿಮಾಣಿಕ್ಕಪಟ್ಟಣಂ.

1254ರ ಸುಮಾರಿಗೆ ಹೊಯ್ಸಳ ರಾಜ್ಯವು ಇಬ್ಬರು ಅಣ್ಣತಮ್ಮಂದಿರ ನಡುವೆ ಪಾಲಾಯಿತು. ದೋರಸಮುದ್ರ ಮೂರನೆಯ ನರಸಿಂಹನಿಗೆ ಸಿಕ್ಕಿತು. ತಮಿಳು ಸೀಮೆ ಮತ್ತು ಬೆಂಗಳೂರಿನ ಸುತ್ತಲಿನ ಪ್ರದೇಶ ರಾಮನಾಥನ ಪಾಲಿಗೆ ಬಂದಿತು. ನರಸಿಂಹನ ಮಗ ಮೂರನೆಯ ಬಲ್ಲಾಳನು 1292ರಲ್ಲಿ ಪಟ್ಟಕ್ಕೆ ಬಂದು, 1300ರ ಸುಮಾರಿಗೆ ಎರಡೂ ಪಾಲುಗಳನ್ನು ಒಂದುಗೂಡಿಸಿದನು. 1301ರಲ್ಲಿ ಈ ಸೀಮೆಯ ದೇವಾಲಯಗಳಿಗೆ ತೆರಿಗೆಯ ಆದಾಯವನ್ನು ಬಿಟ್ಟುಕೊಟ್ಟು ಆಜ್ಞೆ ಹೊರಡಿಸಿದನು. 1311ರಲ್ಲಿ ಮಲಿಕ್ ಕಾಫರನ ಸೈನ್ಯ ದೋರಸಮುದ್ರಕ್ಕೆ ಬಂದಿತು. ಕೊನೆಗೆ 1342ರ ಸುಮಾರಿಗೆ ಮದುರೆಯ ಸುಲ್ತಾನರ ವಿರುದ್ಧದ ಯುದ್ಧದಲ್ಲಿ, ಮುಪ್ಪಿನ ವಯಸ್ಸಿನಲ್ಲಿ, ಬಲ್ಲಾಳನು ಮಡಿದನು. ಅವನ ರಾಣಿಯರಲ್ಲಿ ಒಬ್ಬಳಾದ ಚಿಕ್ಕಾಯಿತಾಯಿಯು ನಮ್ಮ ಬಾರ್ಕೂರಿನವಳು ಎಂಬುದು ಕರಾವಳಿಯ ಓದುಗರಿಗೆ ಆಸಕ್ತಿಯ ವಿಷಯವಾದೀತು.

ಹೀಗೆ ಬಲ್ಲಾಳ ಎಂಬ ಹೆಸರಿನ ಅರಸನೊಬ್ಬನು ಈ ಸೀಮೆಯನ್ನು ನಿಜವಾಗಿಯೂ ಆಳಿದ್ದನು, ಈ ಊರುಗಳಿಗೆ ತೆರಿಗೆಯ ಭಾರ ಇಳಿಸಿದ್ದನು. ಆ ನೆನಪು ಜನರ ಬಾಯಲ್ಲಿ ಉಳಿದು ಬೆಂದ ಕಾಳಿನ ಕಥೆಗೆ ಅರಸನನ್ನು ಒದಗಿಸಿರಬಹುದೆಂದು ನಾವು ಊಹಿಸಬಹುದು. ಇದು ಊಹೆಯೇ ಹೊರತು ಪುರಾವೆಯಲ್ಲ. ಆದರೆ ಕನ್ನಡ ನಾಡಿನ ಅರಸನ ಆಳ್ವಿಕೆಯಲ್ಲಿ ತಮಿಳಿನ ಅಕ್ಷರಗಳು ಕಲ್ಲಿನ ಮೇಲೆ ಬಂದವೆಂಬುದಕ್ಕೆ ಪುರಾವೆ ಕಣ್ಣೆದುರಿಗೇ ಇದೆ. ಊರು ಯಾರದ್ದು ಎಂದು ಜಗಳವಾಡುವವರು ದೊಮ್ಮಲೂರಿನ ಗೋಡೆಯನ್ನು ಒಮ್ಮೆ ನೋಡಿ ಬರುವುದು ಒಳ್ಳೆಯದು.

ಐರ್ಲೆಂಡಿನ ಅರಸ ಮತ್ತು ಸಂತ ಪ್ಯಾಟ್ರಿಕ್

ಬ್ರಿಟಿಷರು 1809ರಲ್ಲಿ ತಮ್ಮ ಸೈನ್ಯವನ್ನು ಶ್ರೀರಂಗಪಟ್ಟಣದಿಂದ ಹಲಸೂರಿನ ಬಯಲಿಗೆ ತಂದರು. ಹೀಗೆ ಹುಟ್ಟಿದ ಕಂಟೋನ್ಮೆಂಟಿನಲ್ಲಿ ಐರ್ಲೆಂಡಿನ ಕಥೋಲಿಕ ಸೈನಿಕರೂ ಇದ್ದರು. 1840ರ ದಶಕದಲ್ಲಿ ಅಲ್ಲಿ ಕಟ್ಟಿದ ಇಗರ್ಜಿಗೆ ಸಂತ ಪ್ಯಾಟ್ರಿಕರ ಹೆಸರು ಬಂದಿತು. ಬ್ರಿಗೇಡ್ ರಸ್ತೆಯ ಕಡೆಗೆ ಹೋಗುವ ನಮ್ಮವರಿಗೆಲ್ಲ ಆ ಇಗರ್ಜಿ ಗೊತ್ತು. ಪ್ಯಾಟ್ರಿಕರ ಹೆಸರಿನೊಂದಿಗೆ ಇನ್ನೊಬ್ಬ ಅರಸನ ದಂತಕಥೆ ಬರುತ್ತದೆ. ಅದನ್ನು ಬಲ್ಲಾಳನ ಕಥೆಯ ಪಕ್ಕದಲ್ಲಿಟ್ಟು ನೋಡಿದರೆ ವಿಷಯ ಇನ್ನಷ್ಟು ತಿಳಿಯಾಗುತ್ತದೆ.

ಐರ್ಲೆಂಡಿನ ಹಳೆಯ ಕಥೆಗಳಲ್ಲಿ ತಾರಾ ಎಂಬ ಗುಡ್ಡದಲ್ಲಿ ಇಡೀ ದ್ವೀಪಕ್ಕೆ ಒಡೆಯನಾದ ಅರಸರ ಅರಸನು ಇರುತ್ತಾನೆ. ನೀಯಲ್ ಎಂಬವನ ಮಗನಾದ ಲೋಯ್ಗರೆ ಅಂಥವರಲ್ಲೊಬ್ಬ. ಅವನ ಹಬ್ಬದ ರಾತ್ರಿ ತಾರಾದಲ್ಲಿ ಬೆಂಕಿ ಹೊತ್ತಿಸುವ ಮೊದಲು ಬೇರೆ ಯಾರೂ ಬೆಂಕಿ ಹೊತ್ತಿಸಬಾರದೆಂಬುದು ಕಟ್ಟಪ್ಪಣೆ. ಆ ರಾತ್ರಿಯೇ ಪ್ಯಾಟ್ರಿಕರು ಸ್ಲೇನ್ ಎಂಬ ಮತ್ತೊಂದು ಗುಡ್ಡದಲ್ಲಿ ಪಾಸ್ಖ ಹಬ್ಬದ ಬೆಂಕಿಯನ್ನು ಹೊತ್ತಿಸಿದರು. ಅರಸನ ಪುರೋಹಿತರು ಅದನ್ನು ಕಂಡು, ಈ ಬೆಂಕಿಯನ್ನು ಈ ರಾತ್ರಿ ಆರಿಸದಿದ್ದರೆ ಅದು ಮುಂದೆಂದೂ ಆರಲಾರದು ಎಂದು ಎಚ್ಚರಿಸಿದರು. ಮಾರ್ಚ್ 17ರ ಹಬ್ಬದ ಪ್ರಸಂಗಗಳಲ್ಲಿ ಈ ಕಥೆಯನ್ನು ಅನೇಕರು ಕೇಳಿರಬಹುದು.

ಪ್ಯಾಟ್ರಿಕರು ಬದುಕಿದ್ದು ಐದನೆಯ ಶತಮಾನದಲ್ಲಿ. ಬೆಂಕಿಯ ಕಥೆಯನ್ನು ಬರೆದವನು ಏಳನೆಯ ಶತಮಾನದ ಕೊನೆಯ ಭಾಗದಲ್ಲಿದ್ದ ಮುರ್ಕೂ ಎಂಬ ಲೇಖಕ. ಅರಸನು ಕೊನೆಗೆ ಹೆದರಿಕೆಯಿಂದ ವಿಶ್ವಾಸವನ್ನು ಒಪ್ಪಿಕೊಂಡನೆಂದು ಅವನು ಹೇಳುತ್ತಾನೆ. ಅದೇ ಕಾಲದ ತೀರೆಹಾನ್ ಎಂಬ ಇನ್ನೊಬ್ಬ ಲೇಖಕನ ಪ್ರಕಾರ ಅರಸನು ಒಪ್ಪಲೇ ಇಲ್ಲ. ಶತ್ರುಗಳ ಕಡೆಗೆ ಮುಖಮಾಡಿ, ಆಯುಧ ಸಹಿತ ತಾರಾದಲ್ಲೇ ತನ್ನನ್ನು ಹೂಳಬೇಕೆಂಬುದು ತಂದೆಯ ಆಜ್ಞೆಯೆಂದು ಅವನು ಕಾರಣ ಕೊಟ್ಟನಂತೆ. ಇನ್ನು ಸ್ವತಃ ಪ್ಯಾಟ್ರಿಕರು ಬರೆದ ಎರಡು ಬರಹಗಳು ಉಳಿದಿವೆ. ಅವುಗಳಲ್ಲಿ ತಾರಾ ಇಲ್ಲ, ಲೋಯ್ಗರೆ ಇಲ್ಲ, ಬೆಂಕಿಯೂ ಇಲ್ಲ. ಹದಿನಾರನೆಯ ವಯಸ್ಸಿನಲ್ಲಿ ಗುಲಾಮನಾಗಿ ಒಯ್ಯಲ್ಪಟ್ಟು, ಆರು ವರ್ಷ ಪರದೇಶದಲ್ಲಿ ಮಂದೆ ಕಾಯ್ದವನ ಮಾತು ಅಲ್ಲಿದೆ. ಅರಸರ ಪ್ರಸ್ತಾಪ ಬಂದರೂ, ನಾಡಿನಲ್ಲಿ ಸಂಚರಿಸಲು ಅವರಿಗೆ ಉಡುಗೊರೆ ಕೊಡಬೇಕಾಗಿತ್ತು ಎಂಬಷ್ಟೇ.

ಆಗಿನ ಐರ್ಲೆಂಡ್ ಅನೇಕ ಸಣ್ಣ ಸಣ್ಣ ರಾಜ್ಯಗಳ ನಾಡಾಗಿತ್ತು. ಇಡೀ ದ್ವೀಪಕ್ಕೆ ಒಬ್ಬನೇ ಒಡೆಯನೆಂಬ ಮಾತನ್ನು ನೀಯಲ್‌ನ ವಂಶದವರು ತಮ್ಮ ಹಿರಿಮೆಗಾಗಿ ನಂತರದ ಶತಮಾನಗಳಲ್ಲಿ ಬೆಳೆಸಿದರೆಂದು ಇಂದಿನ ಇತಿಹಾಸಕಾರರು ಅಭಿಪ್ರಾಯಪಡುತ್ತಾರೆ. ಅಂದರೆ ಪುರಾತನ ಅರಸನ ಕಥೆಯು ಆ ಅರಸನ ಕಾಲಕ್ಕಿಂತ ಅದನ್ನು ಹೇಳಿದವರ ಕಾಲವನ್ನು ಹೆಚ್ಚು ತಿಳಿಸುತ್ತದೆ.

ಕಥೆಯನ್ನು ಬಿಸಾಡಬೇಕೇ?

ಖಂಡಿತ ಬೇಡ. ಬೆಂದ ಕಾಳಿನ ಕಥೆಯಲ್ಲಿ ಅರಸನು ಏನನ್ನೂ ಗೆಲ್ಲುವುದಿಲ್ಲ. ದಾರಿ ತಪ್ಪುತ್ತಾನೆ, ಹಸಿಯುತ್ತಾನೆ, ಬಡವಿಯ ಕೈಯಿಂದ ಉಣ್ಣುತ್ತಾನೆ, ಉಂಡ ಋಣವನ್ನು ಮರೆಯುವುದಿಲ್ಲ. ದೊಡ್ಡವನೆಂದರೆ ಹೀಗಿರಬೇಕೆಂದು ನಮ್ಮ ಜನ ಎಣಿಸಿದರು, ಆ ಎಣಿಕೆಯನ್ನು ಊರಿನ ಹೆಸರಿಗೇ ಕಟ್ಟಿದರು. ಲೋಯ್ಗರೆಯ ಕಥೆಯೂ ಅಷ್ಟೆ: ಅರಸನ ಅಪ್ಪಣೆಗೂ ಒಂದು ಮಿತಿ ಇದೆಯೆಂಬುದನ್ನು ಅದು ಬೆಂಕಿಯ ಮೂಲಕ ಹೇಳುತ್ತದೆ. ಇವು ನಿಜವಾದ ಮಾತುಗಳೇ. ಆದರೆ ಇವು ಇಸವಿ, ತಾರೀಕುಗಳ ನಿಜವಲ್ಲ. ಎರಡನ್ನೂ ಬೆರೆಸಿದರೆ ಎರಡೂ ಕೆಡುತ್ತವೆ. ಇಂದು ದಂತಕಥೆಯನ್ನು ಇತಿಹಾಸವೆಂದು ಕೇಳಿ ನಂಬಿದ ಮಗು, ನಾಳೆ ಬೇಗೂರಿನ ಕಲ್ಲಿನ ವಿಷಯ ತಿಳಿದಾಗ, ನಾವು ಹೇಳಿದ ಬೇರೆ ಮಾತುಗಳನ್ನೂ ಸಂಶಯದಿಂದ ನೋಡುವುದು ಸಹಜ.

ನಮ್ಮ ಧರ್ಮಕೇಂದ್ರಗಳ ಇತಿಹಾಸಕ್ಕೂ ಇದೇ ಮಾತು

ಬೆಳ್ಳಿ ಹಬ್ಬ, ಸುವರ್ಣ ಮಹೋತ್ಸವಗಳ ಸಂದರ್ಭದಲ್ಲಿ ಧರ್ಮಕೇಂದ್ರಗಳು ಸ್ಮರಣ ಸಂಚಿಕೆಗಳನ್ನು ತರುತ್ತವೆ. ಅವುಗಳಲ್ಲಿ ಊರಿನ ಹೆಸರು, ಮೊದಲ ಶಿಲುಬೆ, ಜಾಗ ಕೊಟ್ಟ ಅರಸ ಇವರ ಕಥೆಗಳು ಬಂದೇ ಬರುತ್ತವೆ. ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾದ ಉದಾಹರಣೆ ನೋಡೋಣ. ಆ ಜಾಗದ ಹಳೆಯ ಹೆಸರು ಬ್ಲ್ಯಾಕ್‌ಪಳ್ಳಿ. ಬಿಳಿ ಅಕ್ಕಿ ಬೆಳೆಯುತ್ತಿದ್ದ 'ಬಿಳಿ ಅಕ್ಕಿ ಪಳ್ಳಿ'ಯೇ ಹೀಗಾಯಿತೆಂದು ಕೆಲವರು ಹೇಳಿದರೆ, ಕಂಟೋನ್ಮೆಂಟಿನ ನಕ್ಷೆ ಹಾಕಿದ ಬ್ಲ್ಯಾಕಿಸ್ಟನ್ ಎಂಬ ಅಧಿಕಾರಿಯಿಂದ ಬಂದಿತೆಂದು ಇನ್ನು ಕೆಲವರು ಹೇಳುತ್ತಾರೆ. ಇವೆರಡೂ ಹೇಳಿಕೆಗಳು. ಆದರೆ ಅಬ್ಬೆ ದ್ಯುಬುವಾ ಅವರು 1818ರಲ್ಲಿ ಅಲ್ಲಿ ಹುಲ್ಲಿನ ಮಾಡಿನ ಪ್ರಾರ್ಥನಾಲಯ ಕಟ್ಟಿದ್ದು, ಈಗಿನ ಕಟ್ಟಡ 1882ರಲ್ಲಿ ಪ್ರತಿಷ್ಠಾಪನೆಯಾದದ್ದು ಇತಿಹಾಸ. ಒಂದೇ ಪುಟದಲ್ಲಿ ಎರಡನ್ನೂ ಬರೆಯಬಹುದು, ಯಾವುದು ಯಾವುದೆಂದು ಓದುಗರಿಗೆ ತಿಳಿಯಬೇಕು ಅಷ್ಟೆ.

ಇದಕ್ಕೆ ಹೆಚ್ಚಿನ ವಿದ್ವತ್ತು ಬೇಕಾಗಿಲ್ಲ. ಪ್ರತಿಯೊಂದು ಸಂಗತಿಯ ಮುಂದೆ ಮೂರು ಪ್ರಶ್ನೆಗಳನ್ನು ಇಟ್ಟುಕೊಂಡರೆ ಸಾಕು. ಇದನ್ನು ಮೊದಲು ಬರೆದವರು ಯಾರು? ಘಟನೆ ನಡೆದು ಎಷ್ಟು ವರ್ಷಗಳ ನಂತರ ಬರೆದರು? ಇದನ್ನೇ ಹೇಳುವ ಇನ್ನೊಂದು ದಾಖಲೆ ಇದೆಯೇ? ಜ್ಞಾನಸ್ನಾನದ ಪುಸ್ತಕ, ಅಡಿಗಲ್ಲು, ಗಂಟೆಯ ಮೇಲಿನ ಬರಹ, ಸಮಾಧಿ ಕಲ್ಲು, ಜಮೀನಿನ ಪತ್ರ ಇವು ನಮ್ಮ ಬೇಗೂರಿನ ಕಲ್ಲುಗಳು. ಇವುಗಳಲ್ಲಿ ಇರುವುದಕ್ಕೆ 'ದಾಖಲೆಯಲ್ಲಿದೆ' ಎಂದೂ ಉಳಿದದ್ದಕ್ಕೆ 'ಹಿರಿಯರು ಹೇಳುತ್ತಾರೆ' ಎಂದೂ ಬರೆಯೋಣ. ಹಿರಿಯರ ಮಾತನ್ನು ಹೇಳಿದವರ ಹೆಸರು, ಹೇಳಿದ ವರ್ಷದೊಂದಿಗೆ ಬರೆದಿಟ್ಟರೆ ಅದೂ ಮುಂದಿನವರಿಗೆ ಒಂದು ದಾಖಲೆಯಾಗುತ್ತದೆ.

ಈ ಕೆಲಸ ಧರ್ಮಸಭೆಯವರಿಗೆ ಹೊಸತೂ ಅಲ್ಲ. ಬೆಂಗಳೂರಿನಲ್ಲಿ 1909ರಲ್ಲಿ ಆರಂಭವಾದ, ಇತಿಹಾಸ ಸಂಶೋಧನೆಗೆ ಹೆಸರಾದ ಮಿಥಿಕ್ ಸೊಸೈಟಿಯನ್ನು ಕಟ್ಟಿ, ಮೊದಲ ವರ್ಷಗಳಲ್ಲಿ ಅದರ ಅಧ್ಯಕ್ಷರಾಗಿದ್ದವರು ಫ್ರೆಂಚ್ ಧರ್ಮಗುರು ವಂ. ಎ. ಎಂ. ತಬಾರ್ ಅವರು. ಅದೇ ಸಂಸ್ಥೆ ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರಿನ ಶಾಸನಗಳನ್ನು ಕಂಪ್ಯೂಟರಿನಲ್ಲಿ ಮೂರು ಆಯಾಮದ ಚಿತ್ರಗಳಾಗಿ ಸಂಗ್ರಹಿಸುವ ಕಾರ್ಯ ಕೈಗೊಂಡಿದೆ. ಬಡಾವಣೆಗಳು ಬೆಳೆದಂತೆ, ರಸ್ತೆಗಳು ಅಗಲವಾದಂತೆ ಇಂಥ ಕಲ್ಲುಗಳು ಮಣ್ಣಿನಡಿ ಸೇರುವುದೂ ಒಡೆದು ಹೋಗುವುದೂ ಸುಲಭ. ನಮ್ಮ ಇಗರ್ಜಿಗಳ ನವೀಕರಣದ ಸಮಯದಲ್ಲಿ ಹಳೆಯ ಕಲ್ಲು, ಹಳೆಯ ಪುಸ್ತಕಗಳಿಗೂ ಅದೇ ಗತಿ ಬರಬಹುದು. ಕೆಲಸ ಶುರುವಾಗುವ ಮೊದಲು ಅವುಗಳ ಭಾವಚಿತ್ರ ತೆಗೆದು ಇಡುವಂತೆ ಎಲ್ಲ ಪಾಲನಾ ಮಂಡಳಿಗಳಲ್ಲಿ ನಾವು ವಿನಂತಿಸುತ್ತೇವೆ.

ಇನ್ನು ಆ ಮಗುವಿನ ಪ್ರಶ್ನೆಗೆ ಅಜ್ಜಿ ಏನು ಹೇಳಬೇಕು? 'ಬೆಂಗಳೂರು ಎಂಬ ಹೆಸರು ಬಲ್ಲಾಳನಿಗಿಂತಲೂ ಹಳೆಯದು ಮಗಾ. ಆದರೆ ಮನೆಗೆ ಹಸಿದು ಬಂದವರಿಗೆ ಇದ್ದದ್ದನ್ನು ಕೊಡಬೇಕು, ಉಂಡವರು ಅದನ್ನು ನೆನಪಿಡಬೇಕು ಎಂಬುದಕ್ಕಾಗಿ ಈ ಕಥೆ ಹೇಳುತ್ತೇವೆ' ಎಂದರೆ ಸಾಕು.