ಬೆರಳು ತಪ್ಪಿತೋ, ಗೆರೆ ತಪ್ಪಿತೋ?

ಕಂಪ್ಯೂಟರು ಬರೆದುಕೊಂಡ ಸಂಗೀತದಲ್ಲಿ ಲಯ ಕೂಡಿಸುವ ಬಗೆ

ಮುಸ್ಸಂಜೆಯ ಹೊತ್ತು. ವಾದಕನೊಬ್ಬನು ವಿದ್ಯುತ್ ಪಿಯಾನೋದ ಮುಂದೆ ಕುಳಿತು ಶೋಪಾನನ ನಾಕ್ಟರ್ನ್ ಒಂದನ್ನು ನುಡಿಸುತ್ತಾನೆ. ಮನೆಮಂದಿಯೆಲ್ಲ ಮೈಮರೆತು ಕೇಳುತ್ತಾರೆ. ವಾದ್ಯಕ್ಕೆ ಜೋಡಿಸಿದ ಕಂಪ್ಯೂಟರು ಒಂದು ಸ್ವರವನ್ನೂ ಬಿಡದೆ ಬರೆದುಕೊಳ್ಳುತ್ತದೆ. ಮರುದಿನ ಅದನ್ನೇ ಸ್ವರಲಿಪಿಯಾಗಿ ತೆರೆದು ನೋಡಿದರೆ ಬರಿಯ ಗೋಜಲು! ಎಣಿಕೆಯ ಮೇಲೆ ನಿಲ್ಲಬೇಕಾದ ಸ್ವರ ಎಣಿಕೆಯಿಂದ ಆಚೆಗೆ ಸರಿದಿದೆ. ಒಂದು ಆವರ್ತದ ಕೊನೆ ಮುಂದಿನ ಆವರ್ತದೊಳಕ್ಕೆ ನುಗ್ಗಿದೆ. ಜೊತೆಗೆ ಯಂತ್ರದ ತಾಳವಾದ್ಯವನ್ನು ಕೂಡಿಸಿದರಂತೂ ಪಿಯಾನೋ ಒಂದು ದಾರಿ, ತಾಳ ಒಂದು ದಾರಿ.

ಬೆರಳು ತಪ್ಪಿದ್ದರೆ ಹಿಂದಿನ ಸಂಜೆ ಕೇಳಿದವರು ತಲೆದೂಗಿದ್ದೇಕೆ? ಬೆರಳು ತಪ್ಪಿಲ್ಲವಾದರೆ ಈ ಗೋಜಲು ಬಂದದ್ದೆಲ್ಲಿಂದ?

ನಾದವಲ್ಲ, ಅಪ್ಪಣೆ

ಉತ್ತರಕ್ಕೆ ಮೊದಲು ಆ ಬರವಣಿಗೆಯ ಗುಟ್ಟನ್ನು ಅರಿಯಬೇಕು. ಅದರ ಹೆಸರು ‘ಮಿಡಿ’. ತಂತಿಯನ್ನು ಮಿಡಿಯುವುದು, ಮನ ಮಿಡಿಯುವುದು ಕನ್ನಡಿಗರಿಗೆ ಹೊಸತಲ್ಲ. ಆದರೆ ಈ ಹೆಸರು ಇಂಗ್ಲಿಷಿನ ನಾಲ್ಕು ಅಕ್ಷರಗಳ ಕೂಟ, ಹೋಲಿಕೆ ಕೇವಲ ಕಾಕತಾಳೀಯ. 1980ರ ಸುಮಾರಿಗೆ ಒಂದು ಕಂಪೆನಿಯ ವಿದ್ಯುತ್ ವಾದ್ಯದ ಭಾಷೆ ಇನ್ನೊಂದು ಕಂಪೆನಿಯ ವಾದ್ಯಕ್ಕೆ ತಿಳಿಯುತ್ತಿರಲಿಲ್ಲ. ಅಮೆರಿಕದ ಡೇವ್ ಸ್ಮಿತ್, ಜಪಾನಿನ ಇಕುತಾರೋ ಕಾಕೆಹಾಶಿ ಮೊದಲಾದವರು ವ್ಯಾಪಾರದ ಪೈಪೋಟಿಯನ್ನು ಬದಿಗಿಟ್ಟು ಎಲ್ಲರಿಗೂ ಒಂದೇ ಭಾಷೆಯನ್ನು ರೂಪಿಸಿದರು. 1983ರ ಜನವರಿಯಲ್ಲಿ ಅಮೆರಿಕದ ಒಂದು ವಾದ್ಯಪ್ರದರ್ಶನದಲ್ಲಿ ಸ್ಮಿತ್ ಅವರ ಪ್ರಾಫೆಟ್-600, ಕಾಕೆಹಾಶಿ ಅವರ ಜುಪಿಟರ್-6 ಎಂಬ ಎರಡು ವಾದ್ಯಗಳನ್ನು ಒಂದು ತಂತಿಯಿಂದ ಜೋಡಿಸಲಾಯಿತು. ಒಂದನ್ನು ನುಡಿಸಿದರೆ ಇನ್ನೊಂದೂ ನುಡಿಯಿತು! 2013ರಲ್ಲಿ ಇಬ್ಬರಿಗೂ ತಾಂತ್ರಿಕ ಗ್ರ್ಯಾಮಿ ಪುರಸ್ಕಾರ ದೊರೆಯಿತು.

ಆ ತಂತಿಯಲ್ಲಿ ಹರಿಯುವುದು ನಾದವಲ್ಲ, ಅಪ್ಪಣೆ: ‘ಇಂಥ ಮನೆಯನ್ನು ಇಷ್ಟು ಬಲದಿಂದ ಒತ್ತು’, ‘ಈಗ ಬಿಡು’. ಇಂಥ ಒಂದು ಅಪ್ಪಣೆ ದಾಟಲು ಒಂದು ಸೆಕೆಂಡಿನ ಸಾವಿರದೊಂದು ಪಾಲಿನಷ್ಟು, ಅಂದರೆ ಸುಮಾರು ಒಂದು ಮಿಲಿಸೆಕೆಂಡು, ಸಾಕು. ಈ ಅಪ್ಪಣೆಗಳನ್ನು ಕಡತವಾಗಿ ಕಾಪಿಡುವ ಸರ್ವಮಾನ್ಯ ಕ್ರಮ 1988ರಲ್ಲಿ ಬಂದಿತು. ಅದರಲ್ಲಿ ಎಡಗೈಗೊಂದು, ಬಲಗೈಗೊಂದು, ತಾಳಕ್ಕೊಂದು ಎಂದು ಬೇರೆ ಬೇರೆ ಪದರಗಳನ್ನಿಡಬಹುದು. ಇವೇ ‘ಟ್ರ್ಯಾಕು’ಗಳು. ಎಲ್ಲ ಟ್ರ್ಯಾಕುಗಳಿಗೂ ಅನ್ವಯಿಸುವ ವೇಗದ ಪಟ್ಟಿಯು ಮೊದಲನೆಯ ಟ್ರ್ಯಾಕಿನಲ್ಲಿರುತ್ತದೆ.

ಸ್ವಾರಸ್ಯವಿರುವುದು ಇಲ್ಲಿಯೇ. ಈ ಕಡತ ಕಾಲವನ್ನು ಸಾಮಾನ್ಯವಾಗಿ ಸೆಕೆಂಡುಗಳಲ್ಲಿ ಬರೆಯದು. ಒಂದು ಎಣಿಕೆಯನ್ನು 96, 480 ಅಥವಾ 960 ‘ಟಿಕ್’ಗಳಾಗಿ ಒಡೆದು, ಹಿಂದಿನ ಅಪ್ಪಣೆಯಾದ ಎಷ್ಟು ಟಿಕ್‌ಗಳ ಮೇಲೆ ಮುಂದಿನ ಅಪ್ಪಣೆ ಎಂದು ಬರೆಯುತ್ತದೆ. ಒಂದು ಎಣಿಕೆಗೆ ನಿಜವಾಗಿ ಎಷ್ಟು ಹೊತ್ತು ಎಂಬುದನ್ನು ವೇಗದ ಪಟ್ಟಿ ಹೇಳಬೇಕು. ಆ ಪಟ್ಟಿ ಖಾಲಿಯಿದ್ದರೆ ಎಣಿಕೆಗೆ ಅರ್ಧ ಸೆಕೆಂಡು, ಅಂದರೆ ನಿಮಿಷಕ್ಕೆ 120 ಎಣಿಕೆ, ಎಂದೇ ಯಂತ್ರ ಭಾವಿಸುತ್ತದೆ.

ಎರಡು ಸೆಕೆಂಡಿನ ಅಂತರ

ವಾದಕನಿಗೆ ಆ 120ರ ಗೊಡವೆ ಎಲ್ಲಿಯದು? ನಾಲ್ಕು ಎಣಿಕೆಯ ಆವರ್ತದ ಒಂದು ಹಾಡನ್ನು ಆತ ನಿಮಿಷಕ್ಕೆ 125ರ ವೇಗದಲ್ಲಿ ನುಡಿಸಿದನೆನ್ನೋಣ. ನೂರು ಎಣಿಕೆಗಳು 48 ಸೆಕೆಂಡುಗಳಲ್ಲಿ ಮುಗಿಯುತ್ತವೆ. 120ರ ವೇಗಕ್ಕೆ ಅಷ್ಟೇ ಎಣಿಕೆಗೆ 50 ಸೆಕೆಂಡು ಬೇಕು. ಆದ್ದರಿಂದ ವಾದಕ ನೂರನ್ನು ಮುಗಿಸಿದಾಗ ಯಂತ್ರದ ಗೆರೆ ಇನ್ನೂ 96ರಲ್ಲಿಯೇ ಉಳಿದಿರುತ್ತದೆ. ಒಂದು ಎಣಿಕೆಯಲ್ಲಿ ಕಿವಿಗೆ ಎಟುಕದಷ್ಟು ಅಲ್ಪವಾಗಿದ್ದ ವ್ಯತ್ಯಾಸ ಬೆಳೆದು ಬೆಳೆದು ಒಂದಿಡೀ ಆವರ್ತವನ್ನೇ ನುಂಗಿತು! ಮೇಲಾಗಿ ಯಾವ ಕಲಾವಿದನೂ ಒಂದೇ ವೇಗಕ್ಕೆ ಕಟ್ಟುಬಿದ್ದು ನುಡಿಸುವುದಿಲ್ಲ. ಭಾವ ತುಂಬಿದಲ್ಲಿ ತುಸು ತಡೆಯುತ್ತಾನೆ, ಮುಂದೆ ತುಸು ಓಡುತ್ತಾನೆ.

ತಪ್ಪಿದ್ದು ಬೆರಳಲ್ಲ, ಗೆರೆ.

ಎರಡು ಚಿಕಿತ್ಸೆಗಳು

ಇದನ್ನು ಸರಿಪಡಿಸಲು ಎರಡು ದಾರಿಗಳುಂಟು. ಮೊದಲನೆಯದು ಸ್ವರವನ್ನೇ ಎಳೆದು ಸಮೀಪದ ಗೆರೆಯ ಮೇಲೆ ಕೂರಿಸುವುದು. ಇದಕ್ಕೆ ‘ಕ್ವಾಂಟೈಸ್’ ಮಾಡುವುದೆಂದು ಹೆಸರು. ಅಮೆರಿಕದ ರೋಜರ್ ಲಿನ್ 1980ರಲ್ಲಿ ಹೊರತಂದ ಎಲ್‌ಎಂ-1 ಎಂಬ ತಾಳಯಂತ್ರದಲ್ಲಿಯೂ ಈ ಸೌಕರ್ಯವಿತ್ತು. ಆದರೆ ಬರಿಯ ಗೆರೆಯಿಂದ ಗತ್ತು ಬಾರದೆಂಬುದು ಲಿನ್ ಅವರಿಗೂ ತಿಳಿದಿತ್ತು. ಎರಡು ಪೆಟ್ಟುಗಳಲ್ಲಿ ಎರಡನೆಯದನ್ನು ತುಸು ತಡವಾಗಿಸಿ ತೂಗುವ ನಡೆಯನ್ನು ತರುವ ಏರ್ಪಾಡನ್ನೂ ಅದೇ ಯಂತ್ರದಲ್ಲಿ ಇಟ್ಟಿದ್ದರು.

ತಾಳವಾದ್ಯಕ್ಕೆ ಹಿತವಾದ ಈ ಮದ್ದು ನಾಕ್ಟರ್ನಿಗೆ ವಿಷವಾದೀತು. ಒಂದಿಡೀ ಆವರ್ತ ಸರಿದಿರುವಾಗ ‘ಸಮೀಪದ ಗೆರೆ’ ಎಂದರೆ ತಪ್ಪು ಗೆರೆಯೇ ಅಲ್ಲವೆ? ಗೆರೆ ಸರಿಯಾಗಿದ್ದರೂ ಅಪಾಯ ತಪ್ಪದು. ಎಡಗೈ ಲಯವನ್ನು ಕಾಯಬೇಕು, ಬಲಗೈ ಸ್ವಚ್ಛಂದವಾಗಿ ಹಾಡಬೇಕು ಎಂದು ಶೋಪಾನ್ ಪಾಠ ಹೇಳುತ್ತಿದ್ದುದನ್ನು ಆತನ ಶಿಷ್ಯರು ಹೇಳಿದ್ದಾರೆ. ಎರಡು ಕೈಗಳನ್ನೂ ಒಂದೇ ಗೆರೆಗೆ ಬಿಗಿದರೆ ಸ್ವರಗಳೆಲ್ಲ ಉಳಿದು ಶೋಪಾನನೇ ಕಾಣೆಯಾಗುತ್ತಾನೆ.

ಎರಡನೆಯ ದಾರಿ ಸ್ವರವನ್ನು ಇದ್ದಲ್ಲಿಯೇ ಬಿಟ್ಟು ಗೆರೆಯನ್ನು ಅದರ ಬಳಿಗೆ ಕೊಂಡೊಯ್ಯುವುದು. ಇದಕ್ಕೆ ತಾಳ್ಮೆ ಬೇಕು. ಲಯ ಕಾಯುವ ಎಡಗೈ ಟ್ರ್ಯಾಕನ್ನು ಕೇಳುತ್ತ ಪ್ರತಿ ಆವರ್ತದ ಮೊದಲ ಎಣಿಕೆ ಎಲ್ಲಿ ಬಿತ್ತೆಂದು ಗುರುತು ಹಾಕಬೇಕು. ವೇಗ ಬಹಳ ಬದಲಾಗುವಲ್ಲಿ ಎಣಿಕೆ ಎಣಿಕೆಗೂ ಗುರುತಿಡಬೇಕು. ಗುರುತಿನಿಂದ ಗುರುತಿಗೆ ಎಷ್ಟು ಸೆಕೆಂಡೆಂದು ಲೆಕ್ಕಹಾಕಿ ವೇಗದ ಪಟ್ಟಿಯನ್ನು ತುಂಬಬೇಕು. ಆ ಹೊಸ ಪಟ್ಟಿಗೆ ತಕ್ಕಂತೆ ಎಲ್ಲ ಟ್ರ್ಯಾಕುಗಳ ಟಿಕ್‌ಗಳನ್ನೂ ಎಣಿಸಿ ಬರೆಯಬೇಕು. ಆಗ ಕಿವಿಗೆ ಒಂದು ಸ್ವರವೂ ಕದಲಿರುವುದಿಲ್ಲ. ಕಾಗದದ ಮೇಲೆ ಮಾತ್ರ ಪ್ರತಿಯೊಂದೂ ತನ್ನ ಆವರ್ತಕ್ಕೆ ಬಂದು ಸೇರಿರುತ್ತದೆ. ಜೊತೆಗೂಡಿದ ಯಂತ್ರದ ತಾಳವೂ ಇನ್ನು ವಾದಕನನ್ನು ಅನುಸರಿಸುತ್ತದೆ. ಪಕ್ಕವಾದ್ಯದವನ ಧರ್ಮವೂ ಇದೇ ಅಲ್ಲವೆ?

ಲೆಕ್ಕದ ಎಚ್ಚರಿಕೆಗಳು

ಬೇರೆ ಬೇರೆ ಕಡತಗಳ ಟ್ರ್ಯಾಕುಗಳನ್ನು ಒಂದುಗೂಡಿಸುವಾಗ ಇನ್ನೊಂದು ತೊಡಕು ಎದುರಾಗುತ್ತದೆ. ಎಣಿಕೆಗೆ 96 ಟಿಕ್‌ಗಳಿರುವ ಟ್ರ್ಯಾಕನ್ನು 480ರ ಕಡತಕ್ಕೆ ಹಾಗೆಯೇ ತಂದಿಟ್ಟರೆ ಅದು ಐದು ಪಟ್ಟು ವೇಗವಾಗಿ ಓಡುತ್ತದೆ. ಪ್ರತಿಯೊಂದು ಅಂತರವನ್ನೂ ಐದರಿಂದ ಗುಣಿಸಿದರೆ ಸರಿಹೋಗುತ್ತದೆ.

480ರಿಂದ 96ಕ್ಕೆ ಇಳಿಸುವಾಗ ಭಾಗಿಸಬೇಕು; ಅಲ್ಲಿ ಶೇಷದ ಕಾಟ. 12 ಟಿಕ್‌ಗಳ ಅಂತರವನ್ನು ಐದರಿಂದ ಭಾಗಿಸಿದರೆ 2.4, ಕಡತದಲ್ಲಿ ಪೂರ್ಣಸಂಖ್ಯೆಗೆ ಮಾತ್ರ ಎಡೆಯಿರುವುದರಿಂದ ಅದನ್ನು 2 ಎಂದು ಬರೆಯಬೇಕಾಗುತ್ತದೆ. ಇಂಥ ನೂರು ಅಂತರಗಳಲ್ಲಿ 40 ಟಿಕ್‌ಗಳು ಸೋರಿಹೋಗಿ ಹಾಡು ಅರ್ಧ ಎಣಿಕೆಯ ಸಮೀಪಕ್ಕೆ ತಪ್ಪುತ್ತದೆ. ಸಾಮಾನು ಸಾಮಾನಿಗೂ ಚಿಲ್ಲರೆ ಬಿಟ್ಟುಕೊಟ್ಟ ಅಂಗಡಿಯವನಿಗೆ ಸಂಜೆ ಗಲ್ಲ ಎಣಿಸುವಾಗ ಆಗುವ ನಷ್ಟವೇ ಇದು. ಮೊದಲಿನಿಂದ ಪ್ರತಿ ಸ್ವರದವರೆಗಿನ ಒಟ್ಟು ಮೊತ್ತವನ್ನು ಭಾಗಿಸಿ, ಚಿಲ್ಲರೆಯನ್ನು ಸರಿಪಡಿಸಿ, ಆಮೇಲೆ ಅಂತರಗಳನ್ನು ಕಳೆದು ತೆಗೆಯುವುದು ಜಾಣತನ.

ಸ್ವರವನ್ನು ಸರಿಸಲೇಬೇಕಾದಲ್ಲಿ ಅದನ್ನು ಬಿಡುವ ಅಪ್ಪಣೆಯನ್ನೂ ಪಿಯಾನೋದ ಪೆಡಲಿನ ಅಪ್ಪಣೆಯನ್ನೂ ಜೊತೆಗೇ ಸರಿಸಬೇಕು. ಪೆಡಲು ಹಿಂದೆ ಉಳಿದರೆ ಒಂದು ಸ್ವರಮೇಳದ ಗುಂಗು ಇನ್ನೊಂದರೊಳಗೆ ಬೆರೆತು ಕಲಸಿಹೋಗುತ್ತದೆ.

ಸಣ್ಣ ಪುಟ್ಟ ಹೆಚ್ಚುಕಡಿಮೆಗೆ ಅಂಜಬೇಕಾಗಿಲ್ಲ. ಶಬ್ದ ಒಂದು ಮಿಲಿಸೆಕೆಂಡಿನಲ್ಲಿ ಸಾಗುವುದು ಸುಮಾರು 34 ಸೆಂಟಿಮೀಟರು. ದೊಡ್ಡ ವಾದ್ಯವೃಂದದಲ್ಲಿ ಹತ್ತು ಮೀಟರು ಅಂತರದಲ್ಲಿ ಕುಳಿತ ಇಬ್ಬರು ಒಬ್ಬರ ನಾದವನ್ನು ಒಬ್ಬರು ಸುಮಾರು 30 ಮಿಲಿಸೆಕೆಂಡು ತಡವಾಗಿಯೇ ಕೇಳುತ್ತಾರೆ. ಆದರೂ ಮೇಳ ಕೆಡುವುದಿಲ್ಲ. ನಿಜವಾಗಿ ಮುಗ್ಗರಿಸಿದ ಸ್ವರವೊಂದಿದ್ದರೆ ಅದನ್ನು ಮಾತ್ರ ಗೆರೆಯತ್ತ ಅರ್ಧದಾರಿ ತಂದರೆ ಸಾಕು. ಮೂಲ ಕಡತದ ಒಂದು ಪ್ರತಿಯನ್ನಂತೂ ಬೇರೆಯಾಗಿ ತೆಗೆದಿಟ್ಟಿರಬೇಕು.

ಲಯವನ್ನು ಸಂಗೀತದ ತಂದೆಯೆಂದು ಹಿರಿಯರು ಕರೆದರು. ತಂದೆಯಾದವನು ಮಗುವಿನ ಕೈಹಿಡಿದು ನಡೆಯುವಾಗ ತನ್ನ ಹೆಜ್ಜೆಗೆ ಮಗುವನ್ನು ಎಳೆಯುವುದಿಲ್ಲ. ಮಗುವಿನ ಹೆಜ್ಜೆಗೆ ತಾನೇ ನಿಧಾನಿಸುತ್ತಾನೆ. ಗೆರೆಯನ್ನು ಸ್ವರದ ಬಳಿಗೆ ಒಯ್ದ ವಾದಕನು ಆ ಸಂಜೆ ತನ್ನ ನಾಕ್ಟರ್ನನ್ನು ಯಂತ್ರದಿಂದ ಮತ್ತೆ ಕೇಳುತ್ತಾನೆ. ತಡೆದಲ್ಲಿ ಅದು ತಡೆಯುತ್ತದೆ, ಓಡಿದಲ್ಲಿ ಓಡುತ್ತದೆ. ಮನೆಮಂದಿ ಮತ್ತೆ ತಲೆದೂಗುತ್ತಾರೆ.