ಕಣ್ಣಿಗೆ ಕಾಣದ ಕಾಡಿಗೆ: ಬರವಣಿಗೆಯ ತರಗತಿಯಲ್ಲಿ ವಿದ್ಯಾರ್ಥಿಯ ಆತ್ಮಾವಲೋಕನ

ಕಾಲೇಜಿನ ಬರವಣಿಗೆಯ ತರಗತಿ ಮುಗಿಯುವ ಹೊತ್ತಿಗೆ, ತಾನು ಅಲ್ಲಿ ಕಲಿತುದೇನು ಎಂಬುದನ್ನು ವಿದ್ಯಾರ್ಥಿಯೇ ಬರೆದು ಒಪ್ಪಿಸುವ ಪದ್ಧತಿ ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳಲ್ಲಿ ರೂಢಿಯಲ್ಲಿದೆ. ಕರಡುಗಳನ್ನೂ ತಿದ್ದಿದ ಪ್ರತಿಗಳನ್ನೂ ಒಂದು ಕಡತದಲ್ಲಿರಿಸಿ, ಅದರ ಮೇಲೆ ಈ ಅವಲೋಕನದ ಪತ್ರವನ್ನು ಇಡಲಾಗುತ್ತದೆ. ಹೊರನಾಡಿನ ಕನ್ನಡ ತರಗತಿಗೆ ಇದರಿಂದ ಆಗಬಹುದಾದ ಉಪಕಾರವನ್ನು ವಿಚಾರಿಸುವುದು ಅವಶ್ಯವಾಗಿದೆ.

ಇದರ ಬೀಜರೂಪದ ವಿಚಾರ ಕನ್ನಡಕ್ಕೆ ಹೊಸದೇನಲ್ಲ. ಕನ್ನಡಿಗರು ವಿಧಿವತ್ತಾಗಿ ಓದದೆಯೂ ಕಾವ್ಯಪ್ರಯೋಗದಲ್ಲಿ ನುರಿತವರೆಂಬ 9ನೆಯ ಶತಮಾನದ ‘ಕವಿರಾಜಮಾರ್ಗ’ದ ಹೊಗಳಿಕೆಯನ್ನು ಸಭೆ ಸಮಾರಂಭಗಳಲ್ಲಿ ಎಲ್ಲರೂ ನೆನೆಯುತ್ತಾರೆ. ಅದೇ ಕೃತಿಯಲ್ಲಿ, ಕಣ್ಣಿಗೆ ತನ್ನ ಕಾಡಿಗೆ ಕಾಣದಂತೆ ಬರೆಯುವವನಿಗೆ ತನ್ನ ದೋಷ ಕಾಣುವುದಿಲ್ಲವೆಂಬ ಎಚ್ಚರಿಕೆಯೂ ಇದೆ. ಅಧ್ಯಾಪಕರಿಗೆ ಹೆಚ್ಚು ಪ್ರಯೋಜನಕಾರಿಯಾದುದು ಈ ಎರಡನೆಯ ಮಾತು. ಬರವಣಿಗೆಯ ಬೋಧನೆಯ ಮುಖ್ಯ ತೊಡಕು ಇರುವುದು ಅಲ್ಲಿಯೇ.

ಹಾರ್ವರ್ಡ್ ಕಾಲೇಜು 1885ರಲ್ಲಿ ‘ಇಂಗ್ಲಿಷ್ ಎ’ ಎಂಬ ರಚನಾ ಪಾಠವನ್ನು ಮೊದಲ ವರ್ಷಕ್ಕೆ ತಂದಂದಿನಿಂದ ಬಹುಕಾಲ ಆ ಕಾಡಿಗೆಯನ್ನು ಕಾಣುವ ಹೊಣೆ ಅಧ್ಯಾಪಕನ ಕೆಂಪು ಶಾಯಿಯದಾಗಿತ್ತು. ಈ ದೃಷ್ಟಿ ಬದಲಾದುದು 1970ರ ದಶಕದಲ್ಲಿ. ನ್ಯೂಯಾರ್ಕ್ ನಗರದ ವಿಶ್ವವಿದ್ಯಾಲಯವು 1970ರಲ್ಲಿ ತನ್ನ ಬಾಗಿಲನ್ನು ಪ್ರೌಢಶಾಲೆ ಮುಗಿಸಿದ ಎಲ್ಲರಿಗೂ ತೆರೆದಾಗ, ಬರೆದು ಅಭ್ಯಾಸವೇ ಇಲ್ಲದ ಸಾವಿರಾರು ಮಂದಿ ಒಳಬಂದರು. ಅಲ್ಲಿನ ಸಿಟಿ ಕಾಲೇಜಿನ ಅಧ್ಯಾಪಕಿ ಮೀನಾ ಶಾನೆಸಿ ಇಂಥವರ ಸುಮಾರು 4,000 ಪ್ರಬಂಧಗಳನ್ನು ಪರಿಶೀಲಿಸಿ 1977ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ವಿದ್ಯಾರ್ಥಿಯ ತಪ್ಪು ದಡ್ಡತನದ ಗುರುತಲ್ಲ, ಅದರ ಹಿಂದೆ ಅವನದೇ ಆದ ಒಂದು ತರ್ಕವಿದೆ ಎಂಬುದು ಅವರ ನಿಲುವು. ಆ ತರ್ಕವನ್ನು ಬಲ್ಲವನು ವಿದ್ಯಾರ್ಥಿಯೇ ಆದುದರಿಂದ ಅವನ ಮಾತನ್ನು ಕೇಳಬೇಕಾಯಿತು. ನ್ಯಾನ್ಸಿ ಸಾಮರ್ಸ್ 1980ರಲ್ಲಿ ಪ್ರಕಟಿಸಿದ ಅಧ್ಯಯನವು 20 ಮಂದಿ ವಿದ್ಯಾರ್ಥಿಗಳನ್ನು 20 ಮಂದಿ ನುರಿತ ಬರಹಗಾರರೊಡನೆ ಹೋಲಿಸಿತು. ತಿದ್ದುವುದೆಂದರೆ ವಿದ್ಯಾರ್ಥಿಗಳಿಗೆ ಒಂದು ಪದವನ್ನು ತೆಗೆದು ಇನ್ನೊಂದನ್ನು ಇಡುವುದು. ನುರಿತವರಿಗೆ ತಮ್ಮ ವಾದದ ಆಕಾರವನ್ನೇ ಮತ್ತೆ ಹುಡುಕುವುದು. ಅದೇ ದಶಕದಲ್ಲಿ ಪೀಟರ್ ಎಲ್ಬೋ ಮತ್ತು ಪ್ಯಾಟ್ ಬೆಲನಾಫ್ ಸ್ಟೋನಿ ಬ್ರೂಕ್‌ನಲ್ಲಿ ಕಡತದ ಪದ್ಧತಿಯನ್ನು ಆಚರಣೆಗೆ ತಂದರು.

ಹೊರನಾಡಿನ ಕನ್ನಡ ವಿದ್ಯಾರ್ಥಿಯ ಸ್ಥಿತಿ ಸಿಟಿ ಕಾಲೇಜಿನವರದಕ್ಕಿಂತ ಭಿನ್ನವಾದರೂ ಅವನ ಬರಹವನ್ನು ‘ಅಶುದ್ಧ’ವೆಂದು ತಳ್ಳಿಹಾಕುವ ಅಪಾಯ ಎರಡೂ ಕಡೆ ಒಂದೇ. ಮನೆಯಲ್ಲಿ ತುಳು, ಬೀದಿಯಲ್ಲಿ ಮರಾಠಿ, ಇತರ ವಿಷಯಗಳಿಗೆ ಇಂಗ್ಲಿಷ್, ಬರೆಯಲು ಗ್ರಾಂಥಿಕ ಕನ್ನಡ: ಮುಂಬಯಿಯಲ್ಲಿ ಇಂಥ ವಿದ್ಯಾರ್ಥಿ ಅಪರೂಪವಲ್ಲ. ಅವನು ‘ಯಾವ ಹುಡುಗ ನಿನ್ನೆ ಬಂದನೋ ಆ ಹುಡುಗ’ ಎಂದು ಬರೆದರೆ ‘ನಿನ್ನೆ ಬಂದ ಹುಡುಗ’ ಎಂದು ತಿದ್ದುವುದು ಸುಲಭ. ಮರಾಠಿಯ ವಾಕ್ಯಕ್ರಮ ತನ್ನ ಕೈಯನ್ನು ಹಿಡಿದು ನಡೆಸಿತೆಂದು ಅವನೇ ಗುರುತಿಸಿ ಬರೆದರೆ ಆ ತಿದ್ದುಪಡಿ ಮುಂದಿನ ವಾಕ್ಯಕ್ಕೂ ಒದಗುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ನಿದರ್ಶನ ‘ನಾವು’ ಎಂಬ ಸರ್ವನಾಮದ್ದು. ಕೇಳುವವನನ್ನು ಒಳಗೊಂಡಾಗ ಒಂದು, ಹೊರಗಿಟ್ಟಾಗ ಇನ್ನೊಂದು ರೂಪ ತುಳುವಿನಲ್ಲಿದೆ: ನಮ, ಎಂಕುಲು. ಮರಾಠಿಯಲ್ಲಿ ಆಪಣ್, ಆಮ್ಹೀ. ತಮಿಳಿನಲ್ಲಿ ನಾಮ್, ನಾಂಗಳ್. ತೆಲುಗಿನಲ್ಲಿ ಮನಮು, ಮೇಮು. ಇಂದಿನ ಕನ್ನಡದಲ್ಲಿ ಎರಡಕ್ಕೂ ‘ನಾವು’ ಒಂದೇ. ಹೀಗೆ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳ ವಿದ್ಯಾರ್ಥಿ ಎರಡು ‘ನಾವು’ಗಳ ನಡುವೆ ಬೆಳೆದು ಒಂದೇ ‘ನಾವು’ವಿನಲ್ಲಿ ಬರೆಯಬೇಕಾಗುತ್ತದೆ. ‘ನಾವು ಕನ್ನಡವನ್ನು ಉಳಿಸಬೇಕು’ ಎಂದು ಪ್ರಬಂಧದಲ್ಲಿ ಬರೆದವನು, ಆ ‘ನಾವು’ವಿನಲ್ಲಿ ಧಾರವಾಡದ ಓದುಗನೂ ಇದ್ದಾನೆಯೇ, ಅಥವಾ ಅದು ಹೊರನಾಡಿನವರಿಗೆ ಮಾತ್ರ ಅನ್ವಯಿಸುತ್ತದೆಯೇ ಎಂದು ಕೇಳಿಕೊಂಡನೆಂದರೆ ಪ್ರಬಂಧದ ವಾದವೇ ಬದಲಾಗುತ್ತದೆ. ಯಾವ ಕೆಂಪು ಶಾಯಿಯೂ ಇದನ್ನು ದೋಷವೆಂದು ಗುರುತು ಮಾಡುವುದಿಲ್ಲ. ವ್ಯಾಕರಣದ ದೃಷ್ಟಿಯಿಂದ ವಾಕ್ಯ ನಿರ್ದುಷ್ಟವಾಗಿದೆ! ಊರಿನಲ್ಲಿ ಒಂದೇ ಭಾಷೆಯ ನಡುವೆ ಬೆಳೆದವನಿಗೆ ಸಹಜವಾಗಿ ಹೊಳೆಯದ ಪ್ರಶ್ನೆ ಇವನಿಗೆ ಹೊಳೆಯಬಲ್ಲದು.

ಆದರೆ ಈ ಪತ್ರಕ್ಕೆ ಅಂಕಗಳು ಸೇರಿಕೊಂಡೊಡನೆ ಅದು ಬಿನ್ನವತ್ತಳೆಯ ರೂಪ ತಾಳುವ ಭಯವಿದೆ. ‘ಮೊದಲು ನನಗೆ ಬರೆಯಲು ಬರುತ್ತಿರಲಿಲ್ಲ, ಗುರುಗಳ ಕೃಪೆಯಿಂದ ಈಗ ಬರುತ್ತದೆ’ ಎಂಬ ಮಾತು ವಿನಯವನ್ನು ತೋರಿಸುತ್ತದೆಯೇ ಹೊರತು ಕಲಿಕೆಯನ್ನಲ್ಲ. ಅಮೆರಿಕದ ಅಧ್ಯಾಪಕರಿಗೂ ಈ ಬಗೆಯ ಪತ್ರಗಳು ಚಿರಪರಿಚಿತವೇ. ಆದ್ದರಿಂದ ಪತ್ರಕ್ಕೆ ಅಂಕವಿಡದೆ, ಕರಡಿನ ಒಂದು ವಾಕ್ಯವನ್ನೂ ತಿದ್ದಿದ ಅದರ ರೂಪವನ್ನೂ ಅಕ್ಕಪಕ್ಕ ಬರೆದು ಬದಲಾವಣೆಗೆ ಕಾರಣ ಹೇಳುವಂತೆ ಕೇಳುವುದು ಲೇಸು. ತಿದ್ದಿದ ಮೇಲೆ ವಾಕ್ಯ ಕೆಟ್ಟಿತೆಂದು ವಿದ್ಯಾರ್ಥಿ ಬರೆದರೆ ಅದನ್ನೂ ಒಪ್ಪಿಕೊಳ್ಳಬೇಕು. ದೆಹಲಿಯ ವಿದ್ಯಾರ್ಥಿಯ ಪತ್ರ ಬೇರೆಯೇ ಆದೀತು. ಹಿಂದಿಯಲ್ಲಿ ‘ಹಮ್’ ಒಂದೇ ಇರುವುದರಿಂದ ‘ನಾವು’ ಅವನನ್ನು ಕಾಡದು; ನಿರ್ಜೀವ ವಸ್ತುಗಳಿಗೂ ಸ್ತ್ರೀ-ಪುಂಲಿಂಗ ಹಚ್ಚುವ ಆ ಭಾಷೆಯಿಂದ ನಪುಂಸಕಲಿಂಗದ ಕನ್ನಡಕ್ಕೆ ಬರುವಾಗ ಎದುರಾಗುವ ತೊಡಕುಗಳನ್ನು ಅವನೇ ಹೇಳಬೇಕು.